ಕೌದಿ ಟೆಂಟು

ನಮ್ಮೂರಿನ ಮನೆಗಳು ವರ್ಷಕ್ಕೊಮ್ಮೆ ಮಲಗುತ್ತವೆ. ಅಡ್ಡಮಳೆ ಶುರುವಾಗುವ ದಿನಗಳಲ್ಲಿ ಮೊದಲು ಬಾಗಿಲುಗಳು ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲ, ಕಿಟಕಿಗಳು ನಡುಹಗಲಲ್ಲೇ ಆಕಳಿಸುತ್ತವೆ, ಹಲ್ಲಿಗಳು ಗೋಡೆ ಇಳಿದು ಹಿತ್ತಲಿಗೆ ಹೋಗುತ್ತವೆ. ಆಗ ನಾವು ಉಪ್ಪಿನಕಾಯಿಯ ಭರಣಿಗಳನ್ನು ಹೊರಗೆ ತಂದು ಬೇವಿನ ಮರದ ಬುಡದಲ್ಲಿಟ್ಟು, ಕಪಾಟುಗಳನ್ನು ಹಗ್ಗದಿಂದ ಗೋಡೆಗೆ ಬಿಗಿದು, ಗಡಿಯಾರ ಇಳಿಸಿ, ದೇವರನ್ನು ಬುಟ್ಟಿಯಲ್ಲಿ ಕೂಡಿಸಿಕೊಂಡು ಅಂಗಳಕ್ಕೆ ಬರುತ್ತೇವೆ. ಮನೆ ಎಮ್ಮೆಯ ಹಾಗೆ ಮೊದಲು ಮುಂಗಾಲು ಮಡಿಸುತ್ತದೆ. ಪಡಸಾಲೆ ಬಾಗುತ್ತದೆ, ಆಮೇಲೆ ಹಿತ್ತಲ ಕಡೆ ಕೂರುತ್ತದೆ, ಕೊನೆಗೆ ಒಂದು ಮಗ್ಗುಲಿಗೆ ಹೊರಳಿ ಉಸ್ಸೆಂದು ಉಸಿರು ಬಿಡುತ್ತದೆ. ಶಾಲೆ, ಅಂಚೆ ಕಚೇರಿ, ನಾನು ಕೆಲಸ ಮಾಡುವ ರವೆ ಗಿರಣಿ, ಎಲ್ಲವೂ ಒಂದೇ ದಿನ ಮಲಗುತ್ತವೆ. ಒಂದೆರಡು ಜಗಳಗಳೂ ಆಗುತ್ತವೆ, ಆದರೆ ಪಿಸುದನಿಯಲ್ಲಿ. "ನಿಮ್ಮ ಮನಿ ಮಾಳಿಗಿ ನಮ್ಮ ತುಳಸಿಕಟ್ಟಿ ಮ್ಯಾಲೆ ಬಂದೈತಿ ನೋಡ್ರಿ" ಎಂದು ಒಬ್ಬರು. "ಮಲಗಿದವರಿಗೆ ಏನು ತಿಳೀತೈತ್ರಿ, ಹೊಂದಿಕೊಂಡು ಹೋಗ್ರಿ" ಎಂದು ಇನ್ನೊಬ್ಬರು.

ಮಲಗಿದ ಊರಿನಲ್ಲಿ ಮೋಟಾರು ಹೊಡೆಯುವ ಹಾಗಿಲ್ಲ. ಹೀಗಾಗಿ ನಮ್ಮಲ್ಲಿ ಮನೆಗೊಂದಾದರೂ ಸೈಕಲ್ ಇದೆ. ಟೆಂಟು ಇದ್ದವರು ಅದನ್ನು ಕ್ಯಾರಿಯರಿಗೆ ಕಟ್ಟಿಕೊಂಡು, ಗಂಟೆಗೆ ಬಟ್ಟೆಯ ಚೂರು ಸುತ್ತಿ, ಸದ್ದಿಲ್ಲದೆ ಊರು ದಾಟಿ, ಕಾಲುವೆಯ ಗುಂಟವೋ ಹೊಳೆಯ ಗುಂಟವೋ ತಿರುಗಾಟಕ್ಕೆ ಹೋಗುತ್ತಾರೆ. ಇಲ್ಲದವರು ಕೆರೆಯ ಬಯಲಿನಲ್ಲಿ ಸಾಲಾಗಿ ಚಾಪೆ ಹಾಸಿಕೊಂಡು ಮನೆಗಳು ಏಳುವ ತನಕ ಕಾಯುತ್ತಾರೆ. ಮನೆಗಳು ಯಾವ ದಿನ ಏಳುತ್ತವೆಂದು ಯಾರೂ ಹೇಳಲಾರರು. ಬೆಳಗಿನ ಜಾವ ಏಳುತ್ತವೆ ಎಂಬುದಷ್ಟೇ ಖಾತ್ರಿ. ಬಯಲಿನಲ್ಲಿದ್ದವರಿಗೆ ಅದು ಕಾಣುವುದಿಲ್ಲ, ಮೊದಲು ಧೂಳೇ ಬರುತ್ತದೆ. ಕಾಣಬೇಕಾದರೆ ಇಣುಕುಗುಡ್ಡಕ್ಕೆ ಹೋಗಬೇಕು. ಸೈಕಲ್ಲಿನಲ್ಲಿ ಸುತ್ತು ಹಾಕಿ ಎರಡು ದಿನದ ದಾರಿ. ಗುಡ್ಡದಲ್ಲಿ ಸಂಜೆಗೆ ಮಳೆ ಬರುವುದರಿಂದ ಟೆಂಟು ಇಲ್ಲದವರನ್ನು ಅಲ್ಲಿ ಇಳಿಸಿಕೊಳ್ಳುವುದಿಲ್ಲ.

ನನ್ನ ಸೋದರತ್ತೆ ನೀಲವ್ವ ಬದುಕಿನುದ್ದಕ್ಕೂ ಬಯಲಿನಲ್ಲೇ ಮಲಗಿದವಳು. ನಮ್ಮ ಮನೆಯಲ್ಲಿ ಇರುವುದು ನಾವಿಬ್ಬರು. ನನ್ನನ್ನು ಸಾಕಿದವಳು ಅವಳು, ಆ ಮನೆಯನ್ನು ಸಾಕಿದವಳೂ ಅವಳೇ. ಗೋಡೆಗೆ ಸುಣ್ಣ, ನೆಲಕ್ಕೆ ಸಾರಣೆ, ಮಾಳಿಗೆಗೆ ಮಣ್ಣು, ಯಾವುದಕ್ಕೂ ಆಳು ಕರೆದವಳಲ್ಲ. ಹೋದ ಯುಗಾದಿಯ ದಿನ ಬೇವು ಬೆಲ್ಲ ಬಾಯಿಗೆ ಹಾಕಿಕೊಂಡವಳೇ, "ಬಾಳಿ, ನಾನು ಸೈಕಲ್ ಕಲೀತೀನಿ" ಎಂದಳು.

"ಅತ್ತಿ, ಈ ವಯಸ್ಸಿನಾಗ?"

"ಮತ್ತ ಯಾವ ವಯಸ್ಸಿನಾಗ? ಈ ಮನಿ ಮಲಗೂದನ್ನ ವರ್ಷಾ ನೋಡೀನಿ. ಏಳೂದನ್ನ ಒಮ್ಮಿನೂ ನೋಡಿಲ್ಲ. ಮುಂದಿನ ವರ್ಷ ಈ ಮೊಣಕಾಲು ಏನಂತಾವೋ ಯಾರು ಬಲ್ಲರು? ಈ ವರ್ಷಾನ ಹೋಗೂದು."

ಗಿರಣಿಯ ಅಂಗಳದಲ್ಲಿ, ಸಂಜೆ ಹೊತ್ತು, ಕಚ್ಚೆ ಬಿಗಿದು ಕಲಿತಳು. ರವೆಯ ಚೀಲಗಳ ಮೇಲೆ ಬಿದ್ದು ಬಿಳಿಯಾಗಿ ಎದ್ದು, ಮತ್ತೆ ಹತ್ತುತ್ತಿದ್ದಳು. ಹತ್ತುವುದು, ಹೊಡೆಯುವುದು, ತಿರುಗಿಸುವುದು ಎಲ್ಲ ಬಂತು. ಇಳಿಯುವುದು ಮಾತ್ರ ಬರಲಿಲ್ಲ. ಯಾವುದಾದರೂ ಕಟ್ಟೆ ಸಿಕ್ಕರೆ ಅದರ ಮಗ್ಗುಲಿಗೆ ಬಂದು, ಕಾಲು ಅದರ ಮೇಲಿಟ್ಟು, ರಾಣಿಯ ಹಾಗೆ ಇಳಿಯುತ್ತಿದ್ದಳು. ಕಟ್ಟೆ ಸಿಗದಿದ್ದರೆ ಸಿಗುವ ತನಕ ಹೊಡೆಯುತ್ತಲೇ ಇರುತ್ತಿದ್ದಳು.

ಉಳಿದದ್ದು ಟೆಂಟು. ಪೇಟೆಯಲ್ಲಿ ಟೆಂಟಿನ ಅಂಗಡಿ ಇಟ್ಟಿರುವವರು ಕೊಟ್ರೇಶಪ್ಪ ಸಾವಕಾರರು. ಒಳ್ಳೆಯ ಮನುಷ್ಯರು, ಆದರೆ ಅವರ ಟೆಂಟುಗಳು ನಮ್ಮ ಕೈಗೆಟುಕುವಂಥವಲ್ಲ. ತೆಳ್ಳಗೆ, ಹಗುರಾಗಿ, ಮಡಿಸಿದರೆ ಊಟದ ಡಬ್ಬಿಯಷ್ಟು. ನಾನು ಅಂಗಡಿಯಲ್ಲಿ ಅವುಗಳ ಹೊಲಿಗೆಯನ್ನು ಮುಟ್ಟಿ ಮುಟ್ಟಿ ನೋಡುವುದನ್ನು ಕಂಡು ಅವರೇ ಕೇಳಿದರು, "ಏನ್ ತಂಗಿ, ಮನ್ಯಾಗ ಹೊಲಿಯೂ ವಿಚಾರೇನು?"

"ಹೌದ್ರಿ. ಸಂಜಿ ಹೊಲಿಗಿ ಕ್ಲಾಸಿಗೆ ಹೋಗ್ತೀನ್ರಿ. ಅಗ್ಗದಾಗ ಒಂದು ಮಾಡಿದ್ರ ನಡೀತೈತೇನ್ರಿ?"

"ಅಗ್ಗದ ಟೆಂಟು ಅಂದ್ರ ಮಳೀನ್ನ ಮನಿಗೆ ಕರದು ಚಾ ಕೊಟ್ಟಂಗ, ತಂಗಿ" ಎಂದು ನಕ್ಕರು. "ಒಂದು ಸಂಜಿ ನಡೀತೈತಿ. ಗುಡ್ಡದ ಗಾಳಿಗೆ ನಡೆಯಂಗಿಲ್ಲ."

ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ನಾನು ಮೊದಲೇ ಅಂಜುಬುರುಕಿ. ಹಗಲು ಗಿರಣಿಯಲ್ಲಿ ದುಡಿದು ಸಂಜೆ ಶಾಲೆಯಲ್ಲಿ ಅಕ್ಷರ ಕಲಿತವಳಿಗೆ, ಹಗಲು ಹೊತ್ತು ಕಲಿತವರಿಗೆ ಗೊತ್ತಿರುವ ಏನೋ ಒಂದು ತನಗೆ ಗೊತ್ತಿಲ್ಲ ಎನ್ನುವ ಅನುಮಾನ ಹೋಗುವುದೇ ಇಲ್ಲ. ಹೊಲಿಗೆ ಕಲಿಸುವ ಪೀರಾಂಸಾಬ ಮಾಸ್ತರರನ್ನು ಕೇಳಿದೆ. ಅವರು ಬಾಯಲ್ಲಿದ್ದ ಸೂಜಿ ತೆಗೆದು, "ಅರಿವಿ ಅಗ್ಗ ಇರಲಿ, ಹೊಲಿಗಿ ಅಗ್ಗ ಆಗಬಾರದವ್ವಾ. ಎರಡು ಸಾಲು ಹೊಲಿ, ಮೂರನೇದು ನಿನ್ನ ಸಮಾಧಾನಕ್ಕ ಹೊಲಿ" ಎಂದರು.

ನಾನು ಮೂರನೆಯದಾದ ಮೇಲೆ ನಾಲ್ಕನೆಯದನ್ನೂ ಹೊಲಿದೆ. ಹೊಸ ಬಟ್ಟೆ ತರುವ ಮಾತಿರಲಿಲ್ಲ. ಮನೆಯಲ್ಲಿದ್ದ ದೊಡ್ಡ ಕೌದಿ ತೆಗೆದೆ. ಅತ್ತೆಯ ಅವ್ವನ ಇಳಕಲ್ ಸೀರೆ, ನಮ್ಮ ಅಪ್ಪನ ಧೋತರ, ನಾನು ಚಿಕ್ಕವಳಿದ್ದಾಗಿನ ಲಂಗ, ಎಲ್ಲ ಅದರಲ್ಲಿ ಚೌಕ ಚೌಕವಾಗಿ ಕೂತಿದ್ದವು. ಅದಕ್ಕೆ ತಲೆಬಾಗಿಲಿನ ಪರದೆ ಸೇರಿಸಿದೆ. ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದ ಬಿದಿರಿನ ಗಳ ಕೊಯ್ದು ಕೋಲು ಮಾಡಿದೆ. ಮೇಲೆ ಹೊದಿಸಲು ಗಿರಣಿಯವರು ಬಿಸಾಡಿದ್ದ ತಾಡಪತ್ರಿಯ ತುಂಡು. ಅಂಗಳದಲ್ಲಿ ನಿಲ್ಲಿಸಿ, ಏಣಿ ಹತ್ತಿ, ಕೊಡಗಟ್ಟಲೆ ನೀರು ಸುರಿದೆ. ಅತ್ತೆ ಒಳಗೆ ಕೂತು, "ಇಲ್ಲಿ ಒಂದು ಹನಿ. ಇಲ್ಲಿ ಒಂದು. ಇದು ನನ್ನ ಬೆವರು, ಇದನ್ನ ಬಿಡು" ಎಂದು ಕೂಗಿ ಹೇಳುತ್ತಿದ್ದಳು. ಸೋರಿದಲ್ಲಿ ಮೇಣ ತಿಕ್ಕಿದೆ. ಟೆಂಟು ಗಟ್ಟಿಯಾಗಿ ನಿಂತಿತ್ತು. ಗಾಳಿಗೆಂದು ಗಿರಣಿಯ ದೊಡ್ಡ ಫ್ಯಾನನ್ನು ಎದುರಿಗಿಟ್ಟು ನೋಡಿದೆ. ಆಗಲೂ ನಿಂತೇ ಇತ್ತು. ತೂಕ ಮಾತ್ರ ಒಂದು ಕರುವಿನಷ್ಟಾಗಿತ್ತು.

ಮನೆಗಳು ಮಲಗಿದ ದಿನ ಹೊರಟೆವು. ಅತ್ತೆ ಮಲಗಿದ ಮನೆಯ ಗೋಡೆ ತಟ್ಟಿ, "ಆರಾಮ ಮಲಗು. ಹಾಲಿನವಗ ಹೇಳೀನಿ" ಎಂದಳು. ಬಟ್ಟೆ ಸುತ್ತಿದ ಗಂಟೆಗಳ ನೂರಾರು ಸೈಕಲ್ಲುಗಳು ಮಾತಿಲ್ಲದೆ ಬೀದಿಯುದ್ದಕ್ಕೂ ಹರಿದವು. ಚೈನುಗಳ ಸಣ್ಣ ಸದ್ದು ಬಿಟ್ಟರೆ ಬೇರೇನಿಲ್ಲ. ಹಳ್ಳದ ಸೇತುವೆ ದಾಟಿದ್ದೇ ತಡ, ಎಲ್ಲರೂ ಬಟ್ಟೆ ಕಿತ್ತೊಗೆದು ಗಂಟೆ ಬಾರಿಸತೊಡಗಿದರು. ಮುದುಕರು, ಬಾಣಂತಿಯರು, ಬ್ಯಾಂಕಿನ ಸಾಹೇಬರು, ಎಲ್ಲರೂ. ಜೋಳದ ಹೊಲದಿಂದ ಬೆಳ್ಳಕ್ಕಿಗಳು ಗಾಬರಿಬಿದ್ದು ಎದ್ದವು. ಅತ್ತೆ ಎರಡೂ ಕೈಯಿಂದ ಬಾರಿಸಲು ಹೋಗಿ ಗಟಾರಿನ ಅಂಚಿನ ತನಕ ಹೋಗಿ ಬಂದಳು. "ಬಾಳೀ, ಇಷ್ಟು ದಿನ ನಾವು ಬಯಲಾಗ ಯಾಕ ಮಲಗಿದ್ವ?" ಎಂದು ಕೂಗಿದಳು. ನಾನು ನಗಬೇಕೆಂದರೂ ಬೆನ್ನ ಹಿಂದಿನ ಭಾರ ಬಿಡಲಿಲ್ಲ. ನಮ್ಮ ಟೆಂಟಿನ ತೂಕಕ್ಕೆ ನನ್ನ ಸೈಕಲ್ಲಿನ ಮುಂದಿನ ಗಾಲಿ ಆಗಾಗ ನೆಲ ಬಿಟ್ಟು ಏಳುತ್ತಿತ್ತು. ಹಗುರಾದ ಟೆಂಟಿನವರು ಸೊಯ್ಯನೆ ನಮ್ಮನ್ನು ಹಿಂದೆ ಹಾಕಿ ಹೋಗುತ್ತಿದ್ದರು.

ಸಂಜೆಗೆ ಕಾಲುವೆಯ ಕಟ್ಟೆ ಕಂಡು ಅತ್ತೆ ಇಳಿದಳು. ಅಲ್ಲೇ ಟೆಂಟು ನಿಲ್ಲಿಸಿದೆ. ರೊಟ್ಟಿ ಬಿಚ್ಚಿ ಕೂತೆವು. ಅರ್ಧ ರೊಟ್ಟಿಯಾಗಿರಲಿಲ್ಲ, ಟೆಂಟಿನ ಮುಂಭಾಗ ನಿಧಾನ ಬಾಗಿತು. ಆಮೇಲೆ ಹಿಂಭಾಗ ಕೂತಿತು. ಎಡಕ್ಕೆ ಹೊರಳಿ ಉಸ್ಸೆಂದಿತು.

ನನ್ನ ಕೈಯಲ್ಲಿದ್ದ ಶೇಂಗಾ ಚಟ್ನಿ ಚೆಲ್ಲಿತು. ಓಡಿ ಹೋಗಿ ಗೂಟ ನೋಡಿದೆ, ಒಂದೂ ಕಿತ್ತಿರಲಿಲ್ಲ. ಹಗ್ಗ ನೋಡಿದೆ, ಬಿಗಿಯಾಗಿಯೇ ಇತ್ತು. ಮತ್ತೆ ಎತ್ತಿ ನಿಲ್ಲಿಸಿದೆ. ಮತ್ತೆ ಮಲಗಿತು. ಕೋಲಿನ ಅಳತೆ ತಪ್ಪಿರಬೇಕು, ನಾಲ್ಕನೆಯ ಹೊಲಿಗೆ ಬಟ್ಟೆಯನ್ನು ಎಳೆದಿರಬೇಕು, ಸಾವಕಾರರ ಮಾತೇ ಖರೆ, ನನ್ನನ್ನು ನಂಬಿ ಹೊರಟ ಅತ್ತೆಯ ಗತಿ ಏನು ಎಂದು ನಾನು ಒಂದೇ ಸಮನೆ ಬಡಬಡಿಸುತ್ತಿದ್ದೆ. ಗುಡ್ಡದಲ್ಲಿ ನಿಲ್ಲದ ಟೆಂಟಿನವರನ್ನು ಯಾರು ಇಳಿಸಿಕೊಂಡಾರು? ಅತ್ತೆ ರೊಟ್ಟಿ ಮುರಿಯುತ್ತ ಟೆಂಟನ್ನೇ ನೋಡುತ್ತಿದ್ದಳು.

"ಎಡಕ್ಕ ಮಲಗಿತು" ಎಂದಳು.

"ಹೌದತ್ತಿ, ಎಡಗಡಿ ಕೋಲು ಗಿಡ್ಡ ಆಗಿರಬೇಕು."

"ಕೋಲು ಬಿಡು. ನಮ್ಮನಿ ಯಾ ಕಡೆ ಮಲಗತೈತಿ?"

ನಮ್ಮ ಮನೆ ಯಾವಾಗಲೂ ಎಡಕ್ಕೇ ಮಲಗುವುದು.

"ಮನಿ ಕೌದಿ, ಮನಿ ಪರದಿ, ಮನಿ ಗಳ" ಎಂದು ಅತ್ತೆ ಬೆರಳು ಮಡಿಸಿ ನಕ್ಕಳು. "ಮತ್ತ ಬುದ್ಧಿ ಯಾರದು ಬರಬೇಕು? ಅಂಗಳದಾಗ ನಿಂತಿತ್ತು ಅಂದ್ರ ಅವಾಗ ಮನಿ ಎಚ್ಚರಿತ್ತು. ಈಗ ಮನಿ ಮಲಗೈತಿ, ಇದೂ ಮಲಗೈತಿ. ಸುಮ್ನ ಎಬ್ಬಿಸಬ್ಯಾಡ ಅದನ್ನ, ಪಾಪ."

ನಮ್ಮೂರಿನಲ್ಲಿ ಹುಟ್ಟಿ ಬೆಳೆದವಳಾಗಿ ನನಗೆ ಇದು ಹೊಳೆಯಬೇಕಿತ್ತು. ಮಾಸ್ತರರಿಗೂ ಹೊಳೆದಿರಲಿಲ್ಲ. ಎಲ್ಲರೂ ಟೆಂಟು ಕೊಳ್ಳುತ್ತಾರೆಯೇ ಹೊರತು ಮನೆಯ ಬಟ್ಟೆಯಲ್ಲಿ ಹೊಲಿದವರು ನನಗಿಂತ ಮುಂಚೆ ಯಾರೂ ಇದ್ದಿರಲಿಕ್ಕಿಲ್ಲ. ಮಲಗಿದ ಟೆಂಟಿನ ಮಗ್ಗುಲಲ್ಲಿ, ಎಮ್ಮೆಯ ಹೊಟ್ಟೆಗೆ ಕರು ಒರಗಿದ ಹಾಗೆ, ಇಬ್ಬರಿಗೆ ಸಾಲುವಷ್ಟು ಜಾಗವಿತ್ತು. ತೆವಳಿಕೊಂಡು ಒಳಗೆ ಹೋದೆವು. ಬೆಚ್ಚಗಿತ್ತು. ನಮ್ಮ ಮನೆಯದೇ ವಾಸನೆ, ಸುಣ್ಣ ಮತ್ತು ಒಗ್ಗರಣೆ. ಅತ್ತೆ ತಲೆಯಿಟ್ಟದ್ದೇ ಗೊರಕೆ ಹೊಡೆದಳು.

ಮರುದಿನ ಇಳಿಹೊತ್ತಿಗೆ ಗುಡ್ಡ ಹತ್ತಿದೆವು. ಇಣುಕುಗುಡ್ಡದ ಮೇಲೆ ಗಾಳಿಗೆ ಮರೆಯಾಗಿ ಒಂದು ತಗ್ಗಿದೆ, ಟೆಂಟುಗಳೆಲ್ಲ ಅಲ್ಲೇ. ಊರು ಕಾಣುವ ಅಂಚು ಅಲ್ಲಿಂದ ಸೈಕಲ್ಲಿನಲ್ಲಿ ಒಂದು ಹಾಡು ಹೇಳಿ ಮುಗಿಸುವಷ್ಟು ದೂರ. ಅಂಚಿನಲ್ಲಿ ಸರದಿಯ ಮೇಲೆ ಒಬ್ಬರು ಕಾವಲು ಕೂರುತ್ತಾರೆ, ಮನೆಗಳು ಏಳತೊಡಗಿದರೆ ಗಂಟೆ ಬಾರಿಸುತ್ತಾರೆ. ಬಾರಿಸಬೇಕು ಎಂಬುದು ನೇಮ. ಆದರೆ ಅಂಚಿನ ಗಾಳಿ ಬಲು ಹಿತ, ಕಾವಲಿನವರು ತೂಕಡಿಸದೆ ಇದ್ದ ವರ್ಷವಿಲ್ಲ. ಮನೆಗಳು ಏಳುವುದಾದರೋ ಒಂದು ಪಾತ್ರೆ ಹಾಲು ಉಕ್ಕುವಷ್ಟರಲ್ಲಿ ಮುಗಿದುಹೋಗುತ್ತದೆ. ಹೀಗಾಗಿ ವರ್ಷ ವರ್ಷ ಗುಡ್ಡ ಹತ್ತಿದವರೂ ನೋಡಿರುವುದು ಕೊನೆಯ ಒಂದೆರಡು ಮನೆ ಮೈಮುರಿಯುವುದನ್ನಷ್ಟೆ. ಸುಳ್ಳು ಗಂಟೆ ಬಾರಿಸಿದವರಿಗೆ ಶಿಕ್ಷೆಯೂ ಇದೆ. ಮೊದಲ ಸಲಕ್ಕೆ ಇಡೀ ಗುಡ್ಡಕ್ಕೆ ಉಪ್ಪಿಟ್ಟು ಮಾಡಿ ಹಾಕಬೇಕು. ಎರಡನೆಯ ಸಲಕ್ಕೆ ಟೆಂಟು ಬಿಚ್ಚಿಕೊಂಡು ಆಗಿಂದಾಗಲೇ ಗುಡ್ಡ ಇಳಿಯಬೇಕು.

ನಮ್ಮ ಟೆಂಟು ಹೊರಳಿ ಉಸ್ಸೆಂದದ್ದನ್ನು ಕಂಡು ಜನ ನೆರೆದರು. ಕೊಟ್ರೇಶಪ್ಪ ಸಾವಕಾರರು ಮಫ್ಲರು ಸುತ್ತಿಕೊಂಡು ಬಂದರು. ಮಾಳಿಗೆಯ ಮನೆಯಷ್ಟು ಎತ್ತರದ ಟೆಂಟು ಅವರದು.

"ತಂಗಿ, ಟೆಂಟು ಬಿದ್ದೈತಲ್ಲ!"

"ಬಿದ್ದಿಲ್ರಿ ಸಾವಕಾರ್ರ, ಮಲಗೈತಿ" ಎಂದಳು ಅತ್ತೆ.

"ಎರಡಕ್ಕೂ ಏನು ಫರಕು, ನೀಲವ್ವ?"

"ಬಿದ್ದದ್ದು ತಾನಾಗಿ ಏಳಂಗಿಲ್ರಿ."

ಎಲ್ಲರೂ ಹೋ ಎಂದು ನಕ್ಕರು. ನಿಲ್ಲದ ಟೆಂಟು ಟೆಂಟೇ ಹೌದೋ ಅಲ್ಲವೋ ಎಂದು ಸ್ವಲ್ಪ ಚರ್ಚೆಯಾಯಿತು. ಒಳಗೆ ಇಬ್ಬರು ಹಿಡಿಯುವುದಾದರೆ ಟೆಂಟೇ ಎಂದು ಸಾವಕಾರರೇ ತೀರ್ಪು ಕೊಟ್ಟರು. ಸಂಜೆ ಮಳೆ ಬಂತು. ನಾಲ್ಕು ಸಾಲು ಹೊಲಿದ ಕಡೆಯಲ್ಲೇ, ಸೂಜಿಯ ತೂತುಗಳು ಹೆಚ್ಚಾಗಿ, ನೀರು ಇಳಿಯಿತು. ನಾನು ಆ ಕಡೆಗೆ ಸರಿದುಕೊಂಡು ಅತ್ತೆಯನ್ನು ಒಣ ಮೂಲೆಗೆ ದೂಡಿದೆ. ಸಾವಕಾರರು ಕೊಡೆ ಹಿಡಿದು ಬಂದು ಬಗ್ಗಿ, "ನಮ್ಮ ಟೆಂಟಿನಾಗ ಜಾಗ ಐತಿ, ಬರ್ರಿ. ಒಣಾ ಅರಿವಿ ಕೊಡ್ತಾಳ ನಮ್ಮಾಕಿ" ಎಂದರು. ನನಗೆ ಹೋಗಬೇಕೆನಿಸಿತು. ಅತ್ತೆ ಒಳಗಿನಿಂದಲೇ, "ನಮ್ಮನಿ ಇರೂ ಮುಂದ ಬ್ಯಾರೇ ಮನ್ಯಾಗ ಹೆಂಗ ಮಲಗೂದ್ರಿ? ಬೆಳಿಗ್ಗೆ ಚಾಕ್ಕ ಬರ್ತೀವಿ, ಸಕ್ರಿ ಜಾಸ್ತಿ ಹಾಕಸ್ರಿ" ಎಂದಳು.

ಮಾರನೆಯ ಬೆಳಿಗ್ಗೆ, ಇನ್ನೂ ಮಸುಕು ಇರುವಾಗ, ಟೆಂಟು ಅಲುಗಿತು. ನಾನು ಎದ್ದು ಕೂರುವಷ್ಟರಲ್ಲಿ ಅದು ನಮ್ಮಿಬ್ಬರನ್ನೂ ಹೊರಗೆ ಉರುಳಿಸಿತು. ನನಗೆ ತಿಳಿದದ್ದು ಒಂದೇ: ಮನೆ ಏಳುತ್ತಿದೆ! ಸೈಕಲ್ಲಿಗೆ ಹಾರಿ ಗಂಟೆ ಬಾರಿಸುತ್ತ ತಗ್ಗಿನ ತುಂಬ ಸುತ್ತಿದೆ. ಜನ ಎದ್ದರು, ಒಂದೊಂದೇ ಚಪ್ಪಲಿ ಮೆಟ್ಟಿಕೊಂಡು, ಕೂಸುಗಳನ್ನು ಬಗಲಲ್ಲಿ ಇಟ್ಟುಕೊಂಡು ಅಂಚಿಗೆ ಓಡಿದರು. ಕೆಳಗೆ ಊರು ಮಲಗಿತ್ತು. ಶಾಲೆ ಬೆನ್ನು ಮೇಲೆ ಮಾಡಿ ಮಲಗಿತ್ತು, ಅಂಚೆ ಕಚೇರಿ ಶಾಲೆಗೆ ಒರಗಿ ಮಲಗಿತ್ತು. ಒಂದು ಹೆಂಚೂ ಅಲುಗಲಿಲ್ಲ. ಎಷ್ಟೋ ಹೊತ್ತು ನಿಂತೆವು. ಯಾರೋ ಸೀನಿದರು.

"ಏನವ್ವಾ ಬಾಳವ್ವ, ಕನಸು ಬಿದ್ದಿತ್ತೇನು?" ಎಂದರು ಒಬ್ಬರು. "ಇರಲಿ ಬಿಡ್ರಿ, ರವಾ ಗಿರಣಿಯಾಕಿ, ಉಪ್ಪಿಟ್ಟು ಚಲೋ ಮಾಡ್ತಾಳ" ಎಂದರು ಇನ್ನೊಬ್ಬರು. ನನಗೆ ನೆಲ ಬಾಯಿ ಬಿಟ್ಟರೆ ಸಾಕೆನಿಸಿತು. ಎಲ್ಲರೂ ತಿರುಗಿದ ಮೇಲೂ ಅತ್ತೆ ಕಣ್ಣ ಮೇಲೆ ಕೈ ಇಟ್ಟು ನೋಡುತ್ತಲೇ ಇದ್ದಳು. ಆಮೇಲೆ ಮೆಲ್ಲಗೆ ನನ್ನ ಸೆರಗು ಜಗ್ಗಿದಳು. "ನಾವು ಬರೂ ಮುಂದ ನೀಲಿ ಬಾಗಲಾ ಕೆರಿ ಕಡೆ ಇತ್ತಲ್ಲ? ಈಗ ನೋಡು." ನೋಡಿದೆ. ಕಾಳಿನಷ್ಟು ಚಿಕ್ಕದಾಗಿ ಕಾಣುವ ನಮ್ಮ ಮನೆಯ ನೀಲಿ ಬಾಗಿಲು ಈಗ ಬೇವಿನ ಮರದ ಕಡೆ ಇತ್ತು. ಮನೆ ಎದ್ದಿರಲಿಲ್ಲ, ಮಗ್ಗುಲು ಬದಲಿಸಿತ್ತು.

"ಟೆಂಟು ಸುಳ್ಳು ಹೇಳಿಲ್ಲ. ನಿನಗ ಓದಾಕ ಬರಲಿಲ್ಲ ಅಷ್ಟ" ಎಂದಳು ಅತ್ತೆ. "ಎಮ್ಮಿ ಮಲಗುವಾಗ ಮುಂಗಾಲು ಮೊದಲು, ಏಳುವಾಗ ಹಿಂಗಾಲು ಮೊದಲು. ಹಿಂದಿಂದು ಎತ್ತಿದ್ರ ಏಳೂದು ಖರೆ. ತಿಳೀತಿಲ್ಲೋ?"

ಆ ದಿನ ಇಡೀ ಗುಡ್ಡಕ್ಕೆ ಉಪ್ಪಿಟ್ಟು ಮಾಡಿದೆ. ಹೆಚ್ಚುವಾಗ ಬಂದ ಕಣ್ಣೀರಿನ ತಪ್ಪನ್ನು ಉಳ್ಳಾಗಡ್ಡಿಯ ಮೇಲೆ ಹಾಕಿದೆ. ಸಾವಕಾರರು ಮೂರು ಸಲ ಹಾಕಿಸಿಕೊಂಡು, "ತಂಗಿ, ನೀ ನಾಳೇನೂ ಸುಳ್ಳು ಗಂಟಿ ಬಾರಿಸು, ನಾ ಏನೂ ಅನ್ನಂಗಿಲ್ಲ" ಎಂದರು. ಅವರ ಹೆಂಡತಿ ದಾಕ್ಷಾಯಣಕ್ಕ, "ಬಾರಿಸಿದ್ರ ಅವರು ಇಳದು ಹೋಗಬೇಕಾಗತೈತಿ, ಉಪ್ಪಿಟ್ಟು ಎಲ್ಲಿಂದ ಬರ್ತದ ನಿಮಗ?" ಎಂದು ತಟ್ಟೆ ಕಸಿದುಕೊಂಡರು.

ಮುಂದಿನ ದಿನಗಳು ಬಲು ಚೆಂದ ಕಳೆದವು. ಹಗಲು ಗುಡ್ಡದ ಸುತ್ತ ಸೈಕಲ್ ಹೊಡೆದೆವು. ಅತ್ತೆ ಇಳಿಯಲೆಂದು ಗುಡ್ಡದ ಮಕ್ಕಳೆಲ್ಲ ಸೇರಿ ಅಲ್ಲಲ್ಲಿ ಕಲ್ಲು ಪೇರಿಸಿ ಕಟ್ಟೆ ಮಾಡಿದರು, ಅವಕ್ಕೆ ನೀಲವ್ವನ ಸ್ಟಾಪು ಎಂದು ಹೆಸರಿಟ್ಟರು. ಸಂಜೆ ಮಳೆ ಬಂದರೆ ನಾನು ಸೋರುವ ಕಡೆ ಪಾತ್ರೆ ಇಟ್ಟು, ಬೆಳಿಗ್ಗೆ ಆ ನೀರಿನಲ್ಲೇ ಮುಖ ತೊಳೆಯುತ್ತಿದ್ದೆ. ಆದರೆ ಪ್ರತಿ ಬೆಳಗಿನ ಜಾವ ಕಣ್ಣು ತೆರೆದುಕೊಂಡು, ಕೌದಿಗೆ ಕೈಯಿಟ್ಟು, ಅದರ ಉಸಿರಾಟ ನೋಡುತ್ತ ಮಲಗಿರುತ್ತಿದ್ದೆ. ಇನ್ನೊಮ್ಮೆ ತಪ್ಪಿದರೆ ಅತ್ತೆ ನೋಡದೆಯೇ ಗುಡ್ಡ ಇಳಿಯಬೇಕು. ಅವಳ ಮೊಣಕಾಲು ಆಗಲೇ ಏರು ದಾರಿಯಲ್ಲಿ ಕಟಕಟ ಎನ್ನತೊಡಗಿತ್ತು. ಅವಳು ಹೇಳಿರಲಿಲ್ಲ, ನಾನು ಕೇಳಿಸಿಕೊಂಡಿದ್ದೆ.

ಹಾಗೆ ಒಂದು ಬೆಳಗು, ಮೂಡಣ ಬೂದಿಯ ಬಣ್ಣಕ್ಕೆ ತಿರುಗುವಾಗ, ನನ್ನ ಕಾಲ ಬಳಿ ತಂಗಾಳಿ ಬಂತು. ಟೆಂಟಿನ ಹಿಂಭಾಗ ನೆಲದಿಂದ ಎದ್ದಿತ್ತು. ತಾಡಪತ್ರಿ ಚರಚರ ಎಂದಿತು. ಬಿದಿರು ಮುಲುಗಿತು.

"ಅತ್ತಿ" ಎಂದೆ. "ಹಿಂಗಾಲು."

ಅವಳು ಆಗಲೇ ಹೊರಗೆ ತೆವಳಿ ಸೀರೆ ಕಚ್ಚೆ ಬಿಗಿಯುತ್ತಿದ್ದಳು. "ನೋಡೀನಿ."

"ಖರೇನೂ ಏಳೂದ ಇರಬೇಕಾ? ಮತ್ತ ಮಗ್ಗಲಾ ಬದಲಿಸೂದಾದ್ರ? ಸಾವಕಾರ್ರದು ಇವತ್ತು ಕಾವಲು ಸರದಿ, ಅವರು ಗಂಟಿ ಬಾರಿಸಿಲ್ಲ."

ಅವಳು ಸೈಕಲ್ಲಿನ ಹ್ಯಾಂಡಲ್ ಹಿಡಿದು ನಿಂತಳು. ಇಬ್ಬರೇ ಸದ್ದಿಲ್ಲದೆ ಅಂಚಿಗೆ ಹೋಗಬಹುದಿತ್ತು. ತಪ್ಪಾಗಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ, ಸರಿಯಾಗಿದ್ದರೆ ಅತ್ತೆ ನೋಡುತ್ತಿದ್ದಳು. ಹೋಗಿ ನೋಡಿಕೊಂಡು ಬಂದು ಉಳಿದವರನ್ನು ಎಬ್ಬಿಸುವಷ್ಟು ಹೊತ್ತಿರಲಿಲ್ಲ. ತಗ್ಗಿನ ತುಂಬ ಒಳ್ಳೆಯ ಟೆಂಟುಗಳು, ಒಂದು ಹನಿ ಸೋರದವು, ಒಂದು ಸದ್ದು ಒಳಗೆ ಬಿಡದವು, ಬೆಚ್ಚಗೆ ಮುಚ್ಚಿಕೊಂಡಿದ್ದವು. ವರ್ಷ ವರ್ಷ ಬಂದೂ ನೋಡದವರು ಒಳಗೆ ಮಲಗಿದ್ದರು. ನಮ್ಮ ಟೆಂಟಿನ ಬೆನ್ನು ಇನ್ನಷ್ಟು ಎದ್ದಿತು.

"ಬಾರಿಸಲೇನತ್ತಿ? ತಪ್ಪಿದ್ರ ನೀ ನೋಡದ ಇಳೀಬೇಕಾಗತೈತಿ."

"ಹೊಲಿದಾಕಿ ನೀನು" ಎಂದಳು ಅತ್ತೆ. "ನಿನ್ನ ಹೊಲಿಗಿ ಏನಂತೈತಿ?"

ನಾನು ಗಂಟೆ ಬಾರಿಸಿದೆ. "ಏಳ್ರೀ, ಏಳ್ರೀ, ಮನಿ ಏಳಾಕತ್ತಾವು!" ಎಂದು ಗಂಟಲು ಹರಿಯುವ ಹಾಗೆ ಕೂಗಿದೆ. ಯಾರೋ ಒಳಗಿನಿಂದ "ಮತ್ತ ಉಪ್ಪಿಟ್ಟು!" ಎಂದು ಗೊಣಗಿದರು. ಆದರೂ ಎದ್ದರು. ಸೈಕಲ್ಲುಗಳು ಒಂದಕ್ಕೊಂದು ಸಿಕ್ಕಿಬಿದ್ದು, ಬಿಡಿಸಿಕೊಂಡು, ಅಂಚಿನ ಕಡೆ ಹರಿದವು. ಎಲ್ಲರಿಗಿಂತ ಮುಂದೆ ಅತ್ತೆ. ಅಂಚಿನಲ್ಲಿ ಕೊಟ್ರೇಶಪ್ಪ ಸಾವಕಾರರು ಮಡಿಚುವ ಕುರ್ಚಿಯಲ್ಲಿ ಮಫ್ಲರಿನೊಳಗೆ ಗದ್ದ ಇಟ್ಟು ಚೆನ್ನಾಗಿ ನಿದ್ದೆ ಹೋಗಿದ್ದರು. ಅಲ್ಲಿ ಕಟ್ಟೆ ಇರಲಿಲ್ಲ. ಮಕ್ಕಳು ಅಲ್ಲಿಗೆ ಕಲ್ಲು ಪೇರಿಸಿರಲಿಲ್ಲ. ಅಂಚಿನ ಆಚೆ ಏನೂ ಇರಲಿಲ್ಲ. "ಅತ್ತೀ!" ಎಂದು ಚೀರಿದೆ. ಅವಳು ಬ್ರೇಕು ಹಿಡಿದು, ಒಂದು ಕಾಲು ಎತ್ತಿ, ನೆಲಕ್ಕೆ ಹಾರಿ ನಿಂತಳು. ಸೈಕಲ್ಲು ಸಾವಕಾರರ ಕುರ್ಚಿಗೆ ಬಡಿಯಿತು.

"ನಾ ಕಣ್ಣು ಮುಚ್ಚಿದ್ದೆ ಅಷ್ಟ, ನಿದ್ದಿ ಮಾಡಿದ್ದಿಲ್ಲ!" ಎನ್ನುತ್ತ ಸಾವಕಾರರು ಎದ್ದರು.

ಕೆಳಗೆ ಇಡೀ ಊರು ಮಲಗಿತ್ತು. ಮಲಗಿದ ಊರಿನ ನಡುವೆ ಒಂದೇ ಒಂದು ಮನೆ ಹಿಂಗಾಲಿನ ಮೇಲೆ ಎದ್ದು, ಮುಂಗಾಲು ಊರಿ, ಮೆಲ್ಲಗೆ ನಿಂತಿತು. ಚಿಕ್ಕ ಮನೆ. ನೀಲಿ ಬಾಗಿಲು, ಬಾಗಿಲಿಗೆ ಪರದೆ ಇಲ್ಲ. ಅದು ಒಮ್ಮೆ ಮೈಕೊಡವಿತು, ಮಾಳಿಗೆಯಿಂದ ಮಣ್ಣು ಹೊಗೆಯ ಹಾಗೆ ಎದ್ದು ಚೆದುರಿತು. ಆಮೇಲೆ ಸುತ್ತ ನೋಡುವವರ ಹಾಗೆ ಸ್ವಲ್ಪ ಹೊತ್ತು ಸುಮ್ಮನೆ ನಿಂತಿತು, ಒಂಟಿಯಾಗಿ.

"ಯಾರ ಮನಿ ಅದು?" ಎಂದು ಯಾರೋ ಪಿಸುಗುಟ್ಟಿದರು.

ಅತ್ತೆ ಬದುಕಿನುದ್ದಕ್ಕೂ ಓಣಿಗೆಲ್ಲ ಮೊದಲು ಎದ್ದವಳು. ಅಂಗಳ ಗುಡಿಸಿ, ನೀರು ಚಿಮುಕಿಸಿ, ಒಲೆ ಹಚ್ಚಿ, ಉಳಿದವರು ಏಳುವ ತನಕ ಬಾಗಿಲಲ್ಲಿ ಒಬ್ಬಳೇ ನಿಲ್ಲುತ್ತಿದ್ದಳು. ಆ ಹೊತ್ತಿನಲ್ಲಿ ಅವಳನ್ನು ಯಾರೂ ನೋಡಿರಲಿಲ್ಲ. ನಾನೂ ನೋಡಿರಲಿಲ್ಲ, ನಾನು ಏಳುವಾಗ ಚಹ ಆಗಿರುತ್ತಿತ್ತು. ಈಗ ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳೋ ಅಳುತ್ತಿದ್ದಳೋ, ಭುಜಗಳು ಮಾತ್ರ ಕುಣಿಯುತ್ತಿದ್ದವು. "ನೋಡ ಅದನ್ನ" ಎಂದಳು ಕೊನೆಗೆ. "ನನ್ನಂಗ ನಿಂತೈತಿ ನೋಡ, ಬಾಳಿ."

ಆಮೇಲೆ ಪಕ್ಕದ ಮನೆ ಎದ್ದಿತು. ಅದರ ಆಚೆಯದು ಎದ್ದಿತು. ಓಣಿ ಓಣಿಯೇ ಎದ್ದಿತು, ಹೆಂಚುಗಳು ಗಲಗಲ ಎಂದವು, ಕಿಟಕಿಗಳು ಪಟಪಟ ತೆರೆದವು, ಅಂಚೆ ಕಚೇರಿ ಶಾಲೆಯನ್ನು ತಿವಿದು ಎಬ್ಬಿಸಿತು, ಶಾಲೆ ಗಂಟೆ ಹೊಡೆದುಕೊಳ್ಳುತ್ತ ಎದ್ದಿತು. ಗುಡ್ಡದ ಮೇಲೆ ಜನ ತಮ್ಮ ತಮ್ಮ ಮನೆಯ ಹೆಸರು ಹಿಡಿದು ಕೂಗುತ್ತಿದ್ದರು, "ಅಗೋ, ನಮ್ಮದು! ನಮ್ಮದು ಎದ್ದಿತು!" ಎಂದು ಒಬ್ಬರನ್ನೊಬ್ಬರು ತಬ್ಬಿಕೊಳ್ಳುತ್ತಿದ್ದರು. ಎಲ್ಲ ಎದ್ದು ನಿಂತು ಧೂಳು ಇಳಿದ ಮೇಲೂ ಪೇಟೆಯ ನಡುವೆ ಒಂದು ದೊಡ್ಡ ಮಾಳಿಗೆಯ ಮನೆ ಕಾಲು ಚಾಚಿ ಮಲಗಿಯೇ ಇತ್ತು.

"ಅದು ಯಾರದು ಅಂತ ನಾ ಕೇಳಂಗಿಲ್ಲ" ಎಂದರು ದಾಕ್ಷಾಯಣಕ್ಕ, ಗಂಡನ ಕಡೆ ನೋಡುತ್ತ. ಸಾವಕಾರರು ಮಫ್ಲರಿನಿಂದ ಕಣ್ಣೊರೆಸಿಕೊಂಡರು. "ಇಷ್ಟು ವರ್ಷ ಟೆಂಟು ಮಾರೀನಿ, ಇದನ್ನ ನೋಡಿದ್ದಿಲ್ಲ ನಾ" ಎಂದರು. ಆಮೇಲೆ ಕೈ ಬಾಯಿಗಿಟ್ಟು, "ಏಳೋ ಮಾರಾಯಾ!" ಎಂದು ತಮ್ಮ ಮನೆಯನ್ನು ಕೂಗಿದರು. ಅದು ಎದ್ದದ್ದು ನಾವೆಲ್ಲ ಚಹ ಕುಡಿದ ಮೇಲೆ. ತಗ್ಗಿಗೆ ಮರಳಿದಾಗ ನಮ್ಮ ಟೆಂಟು ನೆಟ್ಟಗೆ, ಒಂದು ಸುಕ್ಕಿಲ್ಲದೆ, ಅಂಗಡಿಯಲ್ಲಿ ಇಟ್ಟ ಹಾಗೆ ನಿಂತಿತ್ತು.

ಊರಿಗೆ ಬಂದ ಮೇಲೆ ಸಾವಕಾರರು ಒಂದು ಸಂಜೆ ನಮ್ಮ ಹೊಲಿಗೆ ಕ್ಲಾಸಿಗೇ ಬಂದರು. ಬಗಲಲ್ಲಿ ತಮ್ಮ ಮನೆಯ ಜರತಾರಿ ಪರದೆ ಇತ್ತು. ಅವರ ಹಿಂದೆ ಬಾಗಿಲ ತನಕ ಸಾಲು, ಎಲ್ಲರ ಕೈಯಲ್ಲೂ ಕೌದಿ, ಪರದೆ, ಹಾಸಿಗೆ. ಪೀರಾಂಸಾಬ ಮಾಸ್ತರರು ನನ್ನ ಕಡೆ ನೋಡಿ, "ಮೂರು ಸಾಲು ಸಾಕವ್ವಾ" ಎಂದರು. ಅಗ್ಗದ ಟೆಂಟು ಸೈಕಲ್ ತಿರುಗಾಟಕ್ಕೆ ನಡೆಯುತ್ತದೆಯೇ ಎಂದು ಈಗ ಎಲ್ಲರೂ ನನ್ನನ್ನು ಕೇಳುತ್ತಾರೆ. ನನಗೆ ಖಾತ್ರಿಯಾಗಿ ಹೇಳಲು ಇನ್ನೂ ಹೆದರಿಕೆ. ಇರುವುದನ್ನು ಹೇಳುತ್ತೇನೆ: "ಭಾರ ಆಗತೈತ್ರಿ, ಏರಿನಾಗ ದೂಡಬೇಕಾಗತೈತಿ. ಹೊಲಿಗ್ಯಾಗ ಸೋರತೈತಿ, ಪಾತ್ರಿ ಒಯ್ಯಿರಿ. ನಿಲ್ಲಂಗಿಲ್ಲ, ಮಲಗತೈತಿ. ಯಾವಾಗ ಏಳತೈತಿ ಅನ್ನೂದು ನನ್ನ ಕೈಯಾಗಿಲ್ಲ."

"ಮತ್ತ ಯಾರ ಕೈಯಾಗೈತಿ?" ಎಂದರು ಸಾವಕಾರರು, ಪರದೆ ಮುಂದೆ ಚಾಚಿ.

ನನ್ನನ್ನು ಕರೆದೊಯ್ಯಲು ಬಂದಿದ್ದ ಅತ್ತೆ ಅಂಗಳದಲ್ಲಿ ಸೈಕಲ್ ಮೇಲಿಂದ ಜಿಗಿದು ಇಳಿದಳು. ಮಗ್ಗುಲಲ್ಲೇ ಒಂದು ಒಳ್ಳೆಯ ಕಟ್ಟೆ ಇತ್ತು, ಅದರ ಕಡೆ ತಿರುಗಿಯೂ ನೋಡಲಿಲ್ಲ.

"ನಿಮ್ಮ ಕೈಯಾಗ, ಸಾವಕಾರ್ರ" ಎಂದಳು. "ಪರದಿ ಆಮ್ಯಾಲೆ ಕೊಡ್ರಿ. ನಾಳಿಂದ ಮೊದಲು ಮುಂಜಾನೆ ಏಳೂದನ್ನ ಕಲೀರಿ. ಇನ್ನೂ ಒಂದು ವರ್ಷ ಐತಿ."